ಬರಬೇಡಿ ಅಂತ ಡಂಗುರ

ಯುದ್ಧ ಮುಗೀತು, ಎಲೆಕ್ಷನ್ನೂ ಆಯ್ತು. ಇವತ್ತಿನ ಕತೆ ಕೇಳ್ರಪ್ಪಾ. ಬೆಳಿಗ್ಗೆ ನನ್ನ ಬಳೆ ಅಂಗಡಿ ಮುಂದೆ ಡಂಗುರ ಹೊಡೆದರು: "ಸಂತೆ ಜಾಗ ಬದಲಾಯಿಸಾಕೆ ಮುನಿಸಿಪಾಲಿಟಿ ಸಭೆ ಐತೆ, ಜನ ಯಾರೂ ಬರಕೂಡದು!"

ನ್ಯಾಮತಿ ಕಡೆ ಹೆಣ್ಮಕ್ಕಳು ಬಳೆ ತೊಡಾಕೆ ಬರೋದೇ ಸಂತೆ ದಿನ. ಮುನಿಸಿಪಾಲಿಟಿ ಆಫೀಸಿಗೆ ಓಡಿದೆ. ಬಾಗಿಲು ಹಾಕಿತ್ತು. ಕಿಟಕಿಯಾಗೆ ನಮ್ಮ ಪಕ್ಷದ ಮೆಂಬರು ಕಂಡರು. ಹೋದ ವರ್ಷ ಇದೇ ಮೆಟ್ಟಿಲ ಮೇಲೆ ನಮ್ಮ ಜೊತೆ ಕೂತು "ಬಾಗಿಲು ತೆಗೀರಿ" ಅಂತ ಕೂಗಿದೋರು, ನಮ್ಮ ಓಟಿನಾಗೆ ಗೆದ್ದೋರು.

"ಸಂತೆ ಎಲ್ಲಿಗೆ ಹೋಗ್ತೈತೆ ಸ್ವಾಮಿ?"

"ಹೇಳಾಕೆ ಬರಂಗಿಲ್ಲ ಸಾಬ್ರೇ," ಅಂದು ಕಿಟಕಿನೂ ಹಾಕ್ಕೊಂಡರು.

ಸುಸ್ತಾಗಿ ಮೆಟ್ಟಿಲ ಮೇಲೆ ಕೂತೆ. ಈ ಸಲ ಸೋತ ಹಳೇ ಮೆಂಬರು ಬಂದು ಪಕ್ಕದಾಗೆ ಕೂತು, "ಬಾಗಿಲು ತೆಗೀರಿ!" ಅಂತ ಕೂಗಾಕೆ ಹತ್ತಿದರು. ಸರಿದು ಜಾಗ ಕೊಟ್ಟೆ. ಮುಂದಿನ ಸಲ ಇವರೇ ಗೆಲ್ತಾರೆ ಬಿಡ್ರಿ.