ಒಂದೂವರೆ ಪಟ್ಟು ವೇಗದಲ್ಲಿ ಕೇಳಿದ ಹಾಡು

ನನ್ನ ಕೈಯಲ್ಲಿ ಡಿಗ್ರಿ ಆಗುವ ಕೆಲಸವಲ್ಲ ಎಂದವರು ನನ್ನ ಸೋದರಮಾವ. ಅವರ ಕೈಯಲ್ಲಿ ಇನ್ನು ಡ್ರಮ್ಸ್ ಆಗುವುದಿಲ್ಲ ಎಂದವಳು ನಾನು. ಅವರ ಮಾತನ್ನು ಸುಳ್ಳು ಮಾಡಿ ತೋರಿಸಿದೆ. ನನ್ನ ಮಾತೂ ಸುಳ್ಳೇ ಆಗಿತ್ತು. ಅದು ಸುಳ್ಳೆಂದು ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ವರ್ಷಗಳು ಹೋದವು. ಈಗ ಹೇಳುತ್ತಿದ್ದೇನೆ.

ಮಾವ ಮೂಡಬಿದ್ರೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಮೂವರು ಗೆಳೆಯರೊಂದಿಗೆ ರಾಕ್ ಬ್ಯಾಂಡ್ ಕಟ್ಟಿದವರು. ಹೆಸರು ‘ಕರಿಗಲ್ಲು’. ತುಳು ಹಾಡು, ಎಲೆಕ್ಟ್ರಿಕ್ ಗಿಟಾರು, ಮಾವನ ಡ್ರಮ್ಸ್. ಒಂದೇ ಒಂದು ಕ್ಯಾಸೆಟ್ ಬಂತು. ಅದು ಬಂದ ವರ್ಷವೇ ಅವರ ಓದು ನಿಂತಿತು. ಆಮೇಲೆ ಬ್ಯಾಂಡೂ ನಿಂತಿತು. ಈಗ ವಾಮದಪದವಿನಲ್ಲಿ ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತಾರೆ. ರಾಕ್ ಎಂದರೇನೆಂದು ನಾನು ಕಲಿತದ್ದು ಅವರ ಕೋಣೆಯಲ್ಲಿ, ಅದೇ ಕ್ಯಾಸೆಟ್ಟಿನಿಂದ.

ನಮ್ಮ ಮನೆಯಲ್ಲಿ ಡಿಗ್ರಿ ಕಂಡವರಿರಲಿಲ್ಲ. ಅಮ್ಮ ಬೀಡಿ ಕಟ್ಟುತ್ತಿದ್ದರು. ಪಿಯುಸಿ ಆದ ಮೇಲೆ ನಾನು ಪುಂಜಾಲಕಟ್ಟೆಯ ಜೆರಾಕ್ಸ್ ಅಂಗಡಿಗೆ ಸೇರಿದೆ. ದೂರಶಿಕ್ಷಣದಲ್ಲಿ ಬಿ.ಎ. ಮಾಡುತ್ತೇನೆ ಎಂದಾಗ ಮಾವ ನಕ್ಕರು.

“ಎಂತ ಮಾರಾಯ್ತಿ, ನನ್ನಿಂದ ಆಗದ್ದು ನಿನ್ನಿಂದ ಆಗ್ತದಾ? ರಾಕ್ ಕೇಳಿದವರ ತಲೆಗೆ ಪಾಠ ಹತ್ತುವುದಿಲ್ಲ. ಬರೆದಿಟ್ಟುಕೋ.”

ತಮಾಷೆಗೇ ಹೇಳಿದ್ದು. ಅದು ನನಗೆ ಆಗಲೂ ಗೊತ್ತಿತ್ತು. ಆದರೂ —

ಓದಿದ್ದು ಹೇಗೆಂದರೆ, ಬಸ್ಸಿನಲ್ಲಿ. ಯಾರ್‍ಯಾರೋ ಮೇಷ್ಟ್ರುಗಳು ಯೂಟ್ಯೂಬಿಗೆ ಹಾಕಿದ ಪಾಠಗಳನ್ನು ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೇಳುತ್ತಿದ್ದೆ. ಪಾಠ ಉದ್ದ, ದಾರಿ ಗಿಡ್ಡ. ಹಾಗಾಗಿ ವೇಗವನ್ನು ಒಂದೂವರೆ ಪಟ್ಟು ಮಾಡಿಟ್ಟುಕೊಳ್ಳುತ್ತಿದ್ದೆ. ಕೆಲವು ತಿಂಗಳಲ್ಲಿ ನನ್ನ ಕಿವಿಗೆ ಅದೇ ಮನುಷ್ಯರು ಮಾತನಾಡುವ ವೇಗವಾಯಿತು. ಮನೆಯಲ್ಲಿ ಅಮ್ಮನ ಮಾತೇ ಎಳೆದಂತೆ ಕೇಳುತ್ತಿತ್ತು.

ಅದೇ ಸಮಯದಲ್ಲಿ ನಮ್ಮದೊಂದು ವಾಟ್ಸಾಪ್ ಗುಂಪಿತ್ತು — ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ರಾಕ್ ಹುಚ್ಚರದು. ಹಳೆಯ ಬ್ಯಾಂಡ್ ಹೊಸ ಹಾಡು ಬಿಟ್ಟರೆ ಭಾನುವಾರ ಸಂಜೆಯೊಳಗೆ ಎಲ್ಲರೂ ಕೇಳಿ ಅಭಿಪ್ರಾಯ ಹಾಕಬೇಕು, ಹಾಕಿದ್ದನ್ನು ಅಳಿಸುವಂತಿಲ್ಲ. ಇದು ಗುಂಪಿನ ಕಟ್ಟಳೆ. ಎಪ್ಪತ್ತು ದಾಟಿದ ಪರದೇಶದ ಗಾಯಕರನ್ನೂ ಬಿಡುತ್ತಿರಲಿಲ್ಲ. “ಹಲ್ಲುಸೆಟ್ಟು ಕಳಚಿಟ್ಟು ಹಾಡಿದ್ದಾರೆ” ಎಂದು ಒಬ್ಬ, “ನಿನ್ನ ಅಜ್ಜ ಹಾಡ್ತಾರಾ ಹೀಗೆ?” ಎಂದು ಇನ್ನೊಬ್ಬ. ನಾನು ಉದ್ದಕ್ಕೆ, ಕನ್ನಡದಲ್ಲಿ, ಕಾರಣ ಕೊಟ್ಟು ಬರೆಯುತ್ತಿದ್ದೆ. ಬೆಳ್ತಂಗಡಿಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ರೋಶನ್ ನನಗೆ ‘ಟೀಚರ್’ ಎಂದು ಹೆಸರಿಟ್ಟ. ಜೆರಾಕ್ಸ್ ಮಿಷನ್ನಿನ ಮುಂದೆ ನಿಂತವಳಿಗೆ ಆ ಹೆಸರು ಎಷ್ಟು ಹಿತವಾಗಿತ್ತೆಂದರೆ — ಇರಲಿ.

ಆ ವರ್ಷ ‘ಕರಿಗಲ್ಲು’ ಮತ್ತೆ ಸೇರಿತು. ನಾಲ್ವರಿಗೂ ತಲೆ ನರೆತಿತ್ತು. ಮೂಡಬಿದ್ರೆಯ ಗೆಳೆಯನ ಗ್ಯಾರೇಜಿನಲ್ಲಿ ಹೊಸ ಹಾಡುಗಳನ್ನು ಮಾಡಿ ಯೂಟ್ಯೂಬಿಗೆ ಹಾಕಿದರು. ಡ್ರಮ್ಸ್ ಬಾರಿಸುವವರು ನನ್ನ ಮಾವ ಎಂದು ಗುಂಪಿಗೆ ಗೊತ್ತಿತ್ತು. ಮಾವನೆಂದು ರಿಯಾಯಿತಿ ತೋರಿಸುವವಳಲ್ಲ ಎಂದು ತೋರಿಸಬೇಕಿತ್ತು ನನಗೆ. ಬಂಟ್ವಾಳದ ಬಸ್ಸಿನಲ್ಲಿ, ಪಾಠ ಮುಗಿದ ಕೂಡಲೇ, ಅದೇ ಒಂದು ಕಿವಿಯಲ್ಲಿ ಕೇಳಿದೆ. ಇಳಿಯುವ ಮೊದಲೇ ಬರೆದು ಹಾಕಿದೆ:

“ಎಲ್ಲಿಗೋ ತಡವಾದವರ ಹಾಗೆ ಓಡಿದ್ದಾರೆ. ಡ್ರಮ್ಸ್ ಅಂತೂ ಏದುಸಿರು ಬಿಡುತ್ತಿದೆ. ವಯಸ್ಸನ್ನು ವೇಗದಿಂದ ಮುಚ್ಚಲು ಹೊರಟ ಕೈಗಳಿವು. ಈ ಕೈಗಳಿಗೆ ಇನ್ನು ವಿಶ್ರಾಂತಿ ಕೊಡುವುದು ಒಳ್ಳೆಯದು.”

ಅದಕ್ಕೆ ಮೊದಲು ಇಬ್ಬರು ‘ನಿಧಾನ, ಚಂದ ಉಂಟು’ ಎಂದು ಬರೆದಿದ್ದರು. ನನ್ನದು ಬಂದ ಮೇಲೆ ರೋಶನ್ ಬರೆದ: “ಟೀಚರ್ ಹೇಳಿದ ಮೇಲೆ ಪುನಃ ಕೇಳಿದೆ. ಹೌದು ಮಾರಾಯ್ರೆ, ಓಡ್ತದೆ.” ಉಳಿದವರಿಗೂ ಓಡಿದಂತೆ ಕೇಳಿಸತೊಡಗಿತು. ಆ ಸಂಜೆ ನಾನು ಗೆದ್ದಿದ್ದೆ.

ವಾರದ ನಡುವೆ ಅಂಗಡಿಯಲ್ಲಿ ಪಾಠದ ವೇಗ ಬದಲಿಸಲು ಹೋದಾಗ ಕಂಡಿತು. ವೇಗ ಒಂದೂವರೆ ಪಟ್ಟಿನಲ್ಲೇ ಇತ್ತು. ಮಾವನ ಹಾಡುಗಳನ್ನು ಕೇಳಿದಾಗಲೂ ಅಲ್ಲಿಯೇ ಇತ್ತು.

ಸರಿಯಾದ ವೇಗದಲ್ಲಿ ಮತ್ತೆ ಹಾಕಿದೆ. ಎರಡೂ ಕಿವಿಯಲ್ಲಿ. ಭಾರ ಹೊತ್ತವನು ಗುಡ್ಡ ಇಳಿಯುವಾಗ ಹೇಗೆ ಕಾಲೂರುತ್ತಾನೋ ಹಾಗೆ ಬೀಳುತ್ತಿತ್ತು ಮಾವನ ಏಟು. ಒಂದು ಏಟು ಮುಗಿದು ಇನ್ನೊಂದು ಬರುವವರೆಗೆ ಕಾಯುವ ಧೈರ್ಯ ಆ ಹಳೆಯ ಕ್ಯಾಸೆಟ್ಟಿನಲ್ಲಿ ಇರಲಿಲ್ಲ, ಇದರಲ್ಲಿತ್ತು. ಗ್ರಾಹಕರು ಆಧಾರ್ ಕಾರ್ಡು ಹಿಡಿದು ನಿಂತಿದ್ದರು. ನಾನು ಎರಡೂ ಬದಿಯ ಪ್ರತಿ ತೆಗೆದುಕೊಟ್ಟೆ. ಏನೂ ಅನ್ನಿಸಲಿಲ್ಲ. ಅಳುವೂ ಬರಲಿಲ್ಲ. ಈಗಲೂ ಅದೇ ಮರಗಟ್ಟಿದ ಹಾಗೆ —

ಒಂದು ಸಾಲು ಬರೆದರೆ ಸಾಕಿತ್ತು. ‘ತಪ್ಪು ವೇಗದಲ್ಲಿ ಕೇಳಿದೆ, ಕ್ಷಮಿಸಿ.’ ಗುಂಪು ಒಂದು ವಾರ ನಗುತ್ತಿತ್ತು, ಅಷ್ಟೇ. ಆ ನಗುವಿಗೆ ಹೆದರಿದೆ. ಅದಕ್ಕಿಂತ ಕೆಟ್ಟದ್ದೂ ಒಂದಿದೆ: ‘ನಿನ್ನಿಂದ ಆಗ್ತದಾ’ ಎಂದವರಿಗೆ ಸ್ವಲ್ಪ ತಾಗಲಿ ಎಂದು ಒಳಗೆಲ್ಲೋ ಇತ್ತು. ಇದ್ದದ್ದನ್ನು ಇಲ್ಲ ಎನ್ನುವುದಿಲ್ಲ.

ರೋಶನ್ ನನ್ನ ಬರಹವನ್ನು ಮಾವನಿಗೆ ತೋರಿಸಿದ್ದ. ಕೆಟ್ಟ ಮನಸ್ಸಿನಿಂದಲ್ಲ, ‘ಹುಡುಗಿ ಎಂತ ಹೇಳಿದಳು?’ ಎಂದು ಮಾವನೇ ಕೇಳಿದ್ದರಂತೆ. ಮುಂದಿನ ಸಲ ಅವರ ಮನೆಗೆ ಹೋದಾಗ ಮಾವ ವ್ಯಾನ್ ತೊಳೆಯುತ್ತಿದ್ದರು. ಪೈಪು ಹಿಡಿದುಕೊಂಡೇ ಕೇಳಿದರು.

“ಅಷ್ಟು ಓಡಿದ್ದೇನಾ ನಾನು?”

ಆಗಲೇ ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ “ಸ್ವಲ್ಪ” ಎಂದೆ.

“ಹ್ಞೂಂ. ನೀನು ಬರೆದ ಮೇಲೆ ನನಗೂ ಹಾಗೇ ಕೇಳ್ತದೆ” ಎಂದು ಚಕ್ರಕ್ಕೆ ನೀರು ಬಿಟ್ಟರು.

ಮೂಡಬಿದ್ರೆಯಲ್ಲಿ ಬ್ಯಾಂಡಿಗೆ ಒಂದು ಕಾರ್ಯಕ್ರಮ ನಿಗದಿಯಾಗಿತ್ತು. ಮಾವ ಬರುವುದಿಲ್ಲ ಎಂದರು. ಅವರಿಲ್ಲದೆ ಉಳಿದ ಮೂವರೂ ಹೋಗಲಿಲ್ಲ. ‘ಕರಿಗಲ್ಲು’ ಎರಡನೆಯ ಸಲ ನಿಂತದ್ದು ಹೀಗೆ. ಡ್ರಮ್ಸ್ ಮಾರಲಿಲ್ಲ, ಕೋಣೆಯಲ್ಲೇ ಇದೆ. ಒಣಗಿದ ಬಟ್ಟೆ ಮಡಚಿ ಅತ್ತೆ ಅದರ ಮೇಲೆ ಇಡುತ್ತಾರೆ.

ನಾನು ಓದುತ್ತಲೇ ಇದ್ದೆ. ಎರಡು ವಿಷಯಗಳಲ್ಲಿ ಬಿದ್ದು, ಮತ್ತೆ ಪರೀಕ್ಷೆ ಕಟ್ಟಿ, ಪಾಸಾದೆ. ನನ್ನ ಡಿಗ್ರಿಯ ಬಗ್ಗೆ ನನಗೆ ಹೆಮ್ಮೆ ಇದೆ. ಅದನ್ನು ಯಾರೂ ದಾನ ಕೊಟ್ಟದ್ದಲ್ಲ. ಆದರೆ ಆ ಒಂದು ‘ಸ್ವಲ್ಪ’ ಅದರ ಜೊತೆಗೇ ಬಂದಿದೆ.

ಈ ಬರಹವನ್ನು ಮೊದಲು ಮಾವನ ಎದುರು ಕುಳಿತು ಓದುತ್ತೇನೆ, ಆಮೇಲೆ ಗುಂಪಿಗೆ ಹಾಕುತ್ತೇನೆ. ಅವರು ಮತ್ತೆ ಡ್ರಮ್ಸಿನ ಕೋಲು ಹಿಡಿಯುತ್ತಾರೋ ಇಲ್ಲವೋ, ಅದನ್ನು ಕೇಳುವ ಹಕ್ಕು ನನಗಿಲ್ಲ. ಹೋದ ಭಾನುವಾರವೇ ಹೇಳಲೆಂದು ಹೋಗಿದ್ದೆ. ಸರ್ಟಿಫಿಕೇಟ್ ಚೀಲದಲ್ಲಿತ್ತು. ಮೊದಲು ಅದನ್ನು ಕೊಡುವ, ಆಮೇಲೆ ಹೇಳುವ ಎಂದುಕೊಂಡೆ.

ಮಾವ ಕೈ ತೊಳೆದು ಬಂದು, ಬೈರಾಸಿನಲ್ಲಿ ಎರಡು ಸಲ ಒರೆಸಿಕೊಂಡು, ಸರ್ಟಿಫಿಕೇಟನ್ನು ಅಂಚಿನಲ್ಲಷ್ಟೇ ಹಿಡಿದರು. ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು. ಅತ್ತೆಯನ್ನು ಕರೆದು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನಾನು ಹೇಳಿದ್ದು ಸುಳ್ಳಾಯ್ತು ಮಾರಾಯ್ತಿ. ನೀನು ಹೇಳಿದ್ದೇ ಸರಿ ಇತ್ತು. ಕಲಿತವರ ಕಿವಿ ಅಲ್ವಾ — ತಪ್ಪುವುದಿಲ್ಲ.”