ಮಾತಾಡದೆ ತಂದ ಸೊಪ್ಪು

೧೯೧೯ರಲ್ಲಿ ನಾನು ನಾಲ್ಕನೇ ಕ್ಲಾಸಿಗೆ ಕೈಮುಗಿದು ಹೊರಬಂದೆ. ಮೇಷ್ಟ್ರು ಬೇಸತ್ತದ್ದು ನನ್ನ ದಡ್ಡತನಕ್ಕಲ್ಲ, ಬಾಯಿಗೆ. ಅದು ನಿಲ್ಲುತ್ತಿರಲಿಲ್ಲ. ಈಗಲೂ ನಿಲ್ಲುವುದಿಲ್ಲ, ನೀವೇ ನೋಡುತ್ತೀರಿ. ಇವತ್ತು ಬೆಳಿಗ್ಗೆ ಕರುವಿನ ಕಾಲಿನ ಗಾಯಕ್ಕೆಂದು ಸೀತಾಫಲದ ಎಲೆ ಜಜ್ಜುತ್ತಿದ್ದೆ. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ಒಬ್ಬನೇ ನಗತೊಡಗಿದೆ.

ಇದು ನನಗೆ ಇಪ್ಪತ್ತಾಗಿದ್ದಾಗಿನ ಮಾತು. ಹೊಸಪೇಟೆಯಲ್ಲಿ ಕಬ್ಬಿನ ಬಂಡಿ ಹೊಡೆಯುತ್ತಿದ್ದೆ. ದುಡಿತದಲ್ಲಿ ನನ್ನನ್ನು ಮೀರಿಸುವವನು ನಮ್ಮ ಓಣಿಯಲ್ಲಿ ಇರಲಿಲ್ಲ. ಇದ್ದದ್ದನ್ನು ಹೇಳಲು ಸಂಕೋಚವೇಕೆ? ಎರಡು ಸುತ್ತಿನ ಕಬ್ಬನ್ನು ಒಂದೇ ಸುತ್ತಿಗೆ ಹೇರುವುದು ನನ್ನ ಜಂಬ. ಆ ಜಂಬವನ್ನು ಹೊತ್ತದ್ದು ಮಾತ್ರ ನನ್ನ ಎತ್ತು ರಾಮ. ಅವನ ಹೆಗಲು ನೊಗಕ್ಕೆ ಒಡೆದು, ಹುಣ್ಣಾಗಿ, ಹುಳ ಬಿತ್ತು.

ದನದ ಮದ್ದು ಬಲ್ಲ ಈರಜ್ಜಿ ಕೊಟ್ಟಿಗೆಗೆ ಬಂದು ನೋಡಿದಳು. “ಹಂಪಿ ಗುಂಡುಕಲ್ಲಿನ ಸಂದ್ಯಾಗ ಸೀತಾಫಲದ ಗಿಡ ಅದಾವು. ಎಲಿ ಕಿತ್ಕೊಂಡು ಬಾ. ಕಿತ್ತಾಗಿಂದ ಹೆಗಲಿಗೆ ರಸ ಬೀಳೋತನ ಒಂದು ಮಾತೂ ಆಡಬ್ಯಾಡ. ಆಡಿದ್ರ ಮದ್ದು ಸತ್ತಂಗ.”

“ಒಂದೂ ಇಲ್ಲೇನಬೇ?”

“ನಿನ್ನ ಕೈಲಿ ಆಗಂಗಿಲ್ಲ ಬಿಡಲೇ. ರಾಮನ ಆಸೆ ಬಿಡು.”

ಆ ಮಾತು ನಾಟಿತು. ಹಂಪಿಗೆ ಹೋಗಿ ಎಲೆ ಕಿತ್ತು ಉಡಿಯಲ್ಲಿ ಕಟ್ಟಿ, ಹಲ್ಲು ಕಚ್ಚಿಕೊಂಡು ಕಮಲಾಪುರದ ಮೇಲೆ ಊರಿನ ದಾರಿ ಹಿಡಿದೆ. ಹಿಂದಿನಿಂದ ಬಂದ ಬಂಡಿಯೊಂದು ನಿಂತಿತು. ದೊಡ್ಡ ರುಮಾಲಿನ ಹಿರಿಯರು ಕೇಳಿದರು: “ಹೊಸಪೇಟ್ಯಾಗ ಬಂಡಿ ಶಿವಪ್ಪನ ಮನಿ ಎಲ್ಲೈತಪಾ? ಕಂಪ್ಲಿಯಿಂದ ಬಂದೀನಿ. ಅವನ ಮಗನ್ನ ನೋಡಬೇಕು, ನಮ್ಮ ಹುಡುಗಿಗೆ.”

ಶಿವಪ್ಪ ನಮ್ಮಪ್ಪ. ಮಗನೆಂದರೆ ನಾನೇ, ನನಗೆ ಬೇರೆ ಅಣ್ಣತಮ್ಮಂದಿರಿಲ್ಲ. ಗಂಟಲಿಗೆ ಬಂದದ್ದನ್ನು ನುಂಗಿ ಕೈ ಮಾಡಿ ತೋರಿಸಿದೆ.

“ಪಾಪ, ಮೂಗ. ಹತ್ತು, ದಾರಿ ತೋರಿಸುವಂತಿ.”

ಮೂಗನ ಮುಂದೆ ಮುಚ್ಚುಮರೆ ಏಕೆಂದು ಅವರು ದಾರಿಯುದ್ದಕ್ಕೂ ಮನಸ್ಸು ಬಿಚ್ಚಿದರು. “ಹುಡುಗಿ ಚಲೋ ಐತಿ. ಆದ್ರ ಬಾಯಿ ಭಾಳ. ಈ ಹುಡುಗ ತಡಕೊಂತಾನೋ, ಓಡಿ ಹೋಗ್ತಾನೋ.” ನಗು ತಡೆಯಲು ನಾನು ಹೆಗಲ ಮೇಲಿನ ವಲ್ಲಿಯ ಚುಂಗನ್ನೇ ಬಾಯಿಗೆ ತುರುಕಿಕೊಂಡೆ.

ಮನೆ ಮುಟ್ಟಿದೆವು. ಈರಜ್ಜಿಯ ಕರಾರು ಅವ್ವನಿಗೆ ಗೊತ್ತಿರಲಿಲ್ಲ. “ಇವನೇ ನೋಡ್ರಿ ನಮ್ಮ ಹುಡುಗ” ಅಂದುಬಿಟ್ಟಳು.

“ಮೂಗನ್ನ ತೋರಿಸಾಕ ಅಷ್ಟು ದೂರದಿಂದ ಕರೆಸಿದ್ರೇನ್ರಿ?” ಎಂದವರೇ ಚಪ್ಪಲಿ ಮೆಟ್ಟಿದರು.

“ಲೇ, ದಿನಾ ಊರು ಕೇಳುವಂಗ ಒದರ್ತಿ, ಇವತ್ತೇನಾತು?” ಎಂದು ಅವ್ವ ಬೆನ್ನಿಗೆ ಗುದ್ದಿದಳು.

ಅಂಗಳದಲ್ಲಿ ಹೆಣ್ಣಿನ ಅಪ್ಪ, ಕೊಟ್ಟಿಗೆಯಲ್ಲಿ ಎತ್ತು. ನಾನು ಕೊಟ್ಟಿಗೆಗೆ ಓಡಿದೆ. ಎಲೆ ಜಜ್ಜಿ, ಹುಣ್ಣಿಗೆ ರಸ ಹಿಂಡಿದೆ. ರಾಮ ಮೈ ಕೊಡವಿದ. ಹುಳಗಳು ಒಂದೊಂದಾಗಿ ಉದುರತೊಡಗಿದವು. ಅಷ್ಟರಲ್ಲಿ ಹೊರಗೆ ಗಾಲಿ ಉರುಳಿದ ಸದ್ದು. ರಸದ ಕೈಯಲ್ಲೇ ಬಂಡಿಯ ಹಿಂದೆ ಓಡಿದೆ.

“ಮಾವಾರ, ನಿಂದರ್ರಿ. ನಿಮ್ಮ ಮಗಳಿಗಿಂತ ನನ್ನ ಬಾಯಿ ದೊಡ್ಡದೈತಿ!”

ಎತ್ತಿಗಾಗಿ ಬಾಯಿ ಕಟ್ಟಿದ ಕತೆಯನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ನಕ್ಕು ನಕ್ಕು ಅವರ ರುಮಾಲು ಬಿಚ್ಚಿಹೋಗಿತ್ತು.

ರಾಮನ ಹೆಗಲು ಮಾಯ್ದು ಕೂದಲು ಬಂದ ಮೇಲೆ ಈರಜ್ಜಿಯನ್ನು ಕೇಳಿದೆ, ಮಾತಾಡಿದ್ದರೆ ಮದ್ದು ನಿಜವಾಗಿ ಸಾಯುತ್ತಿತ್ತೇ ಎಂದು. “ನಿನಗ ಮಾತಾಡಾಕ ಬಿಟ್ಟಿದ್ರ ಮನಿ ಮನಿ ಮುಂದ ನಿಂತು ಸಂಜೀಗೆ ಬರ್ತಿದ್ದಿ. ಬಾಡಿದ ಎಲ್ಯಾಗ ರಸ ಎಲ್ಲಿಂದ ಬರಬೇಕು?”

ಇವತ್ತು ಹೆಂಡತಿ, ಅದೇ ಕಂಪ್ಲಿಯ ಹುಡುಗಿ, ಒಳಗಿನಿಂದ ಕೇಳಿದಳು: “ಯಾಕ ಒಬ್ಬರೇ ನಗಾಕತ್ತೀರಿ?” ಮಾತಾಡಿದರೆ ಮದ್ದು ಸಾಯುವುದಿಲ್ಲವೆಂದು ಗೊತ್ತಿದ್ದೂ, ಕರುವಿನ ಗಾಯಕ್ಕೆ ರಸ ಬೀಳುವವರೆಗೆ ನಾನು ತುಟಿ ಬಿಚ್ಚಲಿಲ್ಲ. ಅವಳು ಬಂದು ನನ್ನ ಕೈಯಲ್ಲಿದ್ದ ಎಲೆ ನೋಡಿದಳು. ಮದುವೆಯಾದ ಮೇಲೆ ಮೊದಲ ಸಲ ಅವಳೂ ಸುಮ್ಮನೆ ನಿಂತಳು.

ಈಗ ನನಗಿರುವುದು ನಾಲ್ಕು ಎತ್ತು, ಎರಡು ಬಂಡಿ, ಒಂದು ಆಕಳು, ಒಂದು ಕರು, ಮೂರು ಮಕ್ಕಳು, ಒಬ್ಬಳು ಹೆಂಡತಿ.