ಪೂರಾ ಮುಟ್ಟಿಸಿದವಳು

ಆಗ ನನಗೆ ಅರವತ್ತಾರು. ಇವತ್ತಿಗೆ ಐದು ವರ್ಷವಾಯಿತು. ಬ್ಯಾಂಕಿನ ಕಡೆಯಿಂದ ಒಬ್ಬ ಮನುಷ್ಯ ವಸೂಲಿಗೆ ಅಂತ ನಮ್ಮ ಶಹಾಬಜಾರದ ಬಾಡಿಗೆ ಮನೆಯ ಬಾಗಿಲಿಗೆ ಬಂದ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಹೊಸ್ತಿಲ ಮೇಲೆ ಕೂತು ಅವನ ಜೊತೆ ಚೌಕಾಶಿಗೆ ಇಳಿದೆ.

ಚೌಕಾಶಿ ನನಗೆ ಹೊಸದಲ್ಲ. ನಾನು ಹುಟ್ಟಿದ್ದು ಕಮಲಾಪುರದಲ್ಲಿ. ಅಲ್ಲಿಯ ತೋಟಗಳಿಂದ ಕೆಂಪು ಬಾಳೆಹಣ್ಣು ತಂದು ಸ್ಟೇಶನ್ ಬಜಾರದಲ್ಲಿ ಕೂತು ಮೂವತ್ತು ವರ್ಷಕ್ಕೂ ಹೆಚ್ಚು ಮಾರಿದ್ದೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ಲೆಕ್ಕವನ್ನು ಬಾಯಲ್ಲೇ ಮಾಡುತ್ತೇನೆ, ತಪ್ಪುವುದಿಲ್ಲ.

ಸಾಲ ಸೊಸೆಯ ಹೆಸರಿನಲ್ಲಿತ್ತು. ಮಾಡಿದ್ದು ನನಗಾಗಿ. ಅದಕ್ಕೂ ಮೂರು ವರ್ಷ ಹಿಂದೆ ಕಮಲಾಪುರದ ಬಸ್ಸಿನಿಂದ ಬುಟ್ಟಿ ಸಮೇತ ಇಳಿಯುವಾಗ ಬಿದ್ದು ನನ್ನ ತೊಡೆಯ ಎಲುಬು ಮುರಿದಿತ್ತು. ಆಸ್ಪತ್ರೆಯವರು ಮೊದಲು ದುಡ್ಡು ಕಟ್ಟಿ ಅಂದರು. ನನ್ನ ಮಗ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ದುಡಿಯುತ್ತಾನೆ. ಒಳ್ಳೆಯವನು, ಆದರೆ ಕಷ್ಟ ಬಂದರೆ ನೆಲ ನೋಡುತ್ತಾನೆ. ಸೊಸೆ ಒಂದು ಸೀರೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದಳು. ಸಂಬಳದ ಖಾತೆ ಇದೆ ಅಂತ ಬ್ಯಾಂಕಿನವರು ಕೊಟ್ಟ ಕ್ರೆಡಿಟ್ ಕಾರ್ಡು ಅವಳ ಚೀಲದಲ್ಲಿತ್ತು. ತೆಗೆದಳು, ಉಜ್ಜಿದಳು. ಎಂಬತ್ತು ಸಾವಿರ. ನನ್ನ ತೊಡೆಗೆ ರಾಡು ಹಾಕಿದರು.

ಪ್ರತಿ ತಿಂಗಳ ಬಿಲ್ಲಿನಲ್ಲಿ ಎರಡು ಅಂಕಿ ಬರುತ್ತಿದ್ದವು, ಒಂದು ದೊಡ್ಡದು, ಒಂದು ಸಣ್ಣದು. ಸದ್ಯಕ್ಕೆ ಸಣ್ಣದು ಕಟ್ಟಿದರೂ ನಡೆಯುತ್ತದೆ ಅಂತ ಅದರಲ್ಲೇ ಬರೆದಿತ್ತು. ನಾವು ಸಣ್ಣದನ್ನೇ ಕಟ್ಟಿಕೊಂಡು ಬಂದೆವು. ನಡುವೆ ಸೀರೆ ಅಂಗಡಿ ನಾಲ್ಕು ತಿಂಗಳು ಬಾಗಿಲು ಹಾಕಿತು, ಆಗ ಅದನ್ನೂ ಕಟ್ಟಲಿಲ್ಲ. ದಂಡದ ಮೇಲೆ ಬಡ್ಡಿ, ಬಡ್ಡಿಯ ಮೇಲೆ ದಂಡ. ಮೂರು ವರ್ಷಕ್ಕೆ ಎಂಬತ್ತು ಹೋಗಿ ಒಂದು ಲಕ್ಷ ಹತ್ತು ಸಾವಿರ ಆಗಿತ್ತು.

ಅದೇ ಹೊತ್ತಿಗೆ ಮನೆಯ ಮಾಲೀಕರು ಮನೆ ಮಾರುತ್ತೇನೆ ಅಂದರು. ವಯಸ್ಸಾದ ಸಾಹೇಬರು, ಹೆಂಡತಿ ತೀರಿಕೊಂಡಿದ್ದರು, ಹೈದರಾಬಾದಿನಲ್ಲಿ ಮಗಳ ಹತ್ತಿರ ಹೋಗಿ ಇರುವವರಿದ್ದರು. ಎರಡು ಖೋಲಿ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಅಷ್ಟೇ ಮನೆ. ನಾವು ಇಪ್ಪತ್ತೆರಡು ವರ್ಷದಿಂದ ಇದ್ದೆವು. ರಾಡು ಹಾಕಿದ ಮೇಲೆ ಆ ಬಚ್ಚಲಲ್ಲಿ ನನಗೆ ಕಾಲು ಚಾಚಲೂ ಆಗುತ್ತಿರಲಿಲ್ಲ, ಆದರೆ ಬಾಡಿಗೆ ಮನೆಯ ಗೋಡೆ ಒಡೆಯಲು ಬರುವುದಿಲ್ಲ. ಸೊಸೆ ಅದನ್ನು ತಾನೇ ಕೊಳ್ಳುತ್ತೇನೆ ಅಂತ ಹಟ ಹಿಡಿದಳು. ಕಮಲಾಪುರದಲ್ಲಿ ನನ್ನ ಪಾಲಿಗೆ ಬಂದಿದ್ದ ಒಂದು ತುಂಡು ಜಾಗ ಮಾರಿ ಮುಂಗಡ ಕೊಟ್ಟೆವು. ಉಳಿದದ್ದಕ್ಕೆ ಬ್ಯಾಂಕಿನ ಸಾಲ ಬೇಕು. ಬ್ಯಾಂಕಿನವರು ಕಂಪ್ಯೂಟರಿನಲ್ಲಿ ಅವಳ ಹೆಸರು ಹಾಕಿ ನೋಡಿ, ಕಾರ್ಡಿನ ಬಾಕಿ ಕೆಟ್ಟಿದೆ, ಸ್ಕೋರು ಬಿದ್ದಿದೆ, ಆಗುವುದಿಲ್ಲ ಅಂದುಬಿಟ್ಟರು.

ಅವಳು ಸಾಹೇಬರ ಮುಂದೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಅವರು ಗಡ್ಡ ಸವರಿಕೊಂಡರು.

"ಬೇಟೀ, ಎರಡು ವರ್ಷ ಕಾಯ್ತೀನಿ. ಜುಬಾನ್ ಕೊಟ್ಟೀನಿ, ಮಾತಂದ್ರ ಮಾತು, ಬ್ಯಾರೇದವ್ರಿಗಿ ಮನಿ ತೋರಸಂಗಿಲ್ಲ. ಎರಡು ವರ್ಷದ ಮ್ಯಾಲ ಒಂದು ದಿನಾನೂ ನನ್ನ ಕೈಲೆ ಆಗಂಗಿಲ್ಲ, ನನಗೂ ವಯಸ್ಸಾಗ್ಯಾದ."

"ಎರಡು ವರ್ಷ ಸಾಕ್ರಿ ಚಾಚಾ," ಅಂದಳು.

ಸಾಕು ಅನ್ನುವ ಧೈರ್ಯ ಎಲ್ಲಿಂದ ತಂದಳೋ, ನನಗೆ ಆಗ ಸಿಟ್ಟೇ ಬಂದಿತ್ತು.

ಇದಾಗಿ ತಿಂಗಳೊಳಗೆ ಆ ವಸೂಲಿಯವನು ಬಂದ. ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತು ನೀರು ಕೇಳಿದ. ಕೊಟ್ಟೆ.

"ಆಯಿ, ಒಂದು ಲಕ್ಷ ಹತ್ತು ಸಾವಿರ ಅದ. ಒಮ್ಮಿಗೇ ಕೊಟ್ರ ಐವತ್ತು ಸಾವಿರಕ್ಕ ಮುಗಿಸಿ ಕೊಡ್ತೀನಿ."

"ಐವತ್ತಾ? ಮೂವತ್ತು ಅನ್ನು."

"ಮೂವತ್ತಕ್ಕ ನಮ್ಮ ಸಾಹೇಬ ನನ್ನ ಚರ್ಮ ಸುಲೀತಾನ."

"ಸುಲೀಲಿ ಬಿಡು. ನೋಡಾಕೂ ಏನ್ ಭಾಳ ಚೆಂದಿಲ್ಲ ಅದು."

ಅವನು ನಕ್ಕ. ನಕ್ಕವನ ಹತ್ತಿರ ಇನ್ನೂ ಸ್ವಲ್ಪ ಇಳಿಸಬಹುದು ಅಂತ ನನಗೆ ಗೊತ್ತು. ಒಂದು ತಾಸು ಎಳೆದಾಡಿ ಮೂವತ್ತೆಂಟಕ್ಕೆ ತಂದೆ. ಶನಿವಾರ ಬಾ, ದುಡ್ಡು ಎಣಿಸಿ ಕೊಡುತ್ತೇನೆ, ಕಾಗದ ತಗೊಂಡು ಬಾ ಅಂದೆ. ಅವನು ಹೋದ ಮೇಲೆ ಗೋದಿ ಡಬ್ಬಿಯ ತಳದಲ್ಲಿ ಕಟ್ಟಿಟ್ಟಿದ್ದ ಗಂಟು ತೆಗೆದೆ. ಹಣ್ಣು ಮಾರಿ ಉಳಿಸಿದ್ದು, ನನ್ನ ಕೊನೆಗಾಲಕ್ಕೆ ಅಂತ ಇಟ್ಟಿದ್ದು. ನಲವತ್ತಕ್ಕೆ ಸ್ವಲ್ಪ ಮೇಲಿತ್ತು.

ಸಂಜೆ ಸೊಸೆ ಬಂದು ಇನ್ನೂ ಕಾಲು ತೊಳೆದಿರಲಿಲ್ಲ, ದುಡ್ಡನ್ನು ಅವಳ ಮುಂದೆ ಇಟ್ಟು ನಡೆದದ್ದನ್ನು ಹೇಳಿದೆ. ಅವಳು ಖುಷಿಪಡುತ್ತಾಳೆ ಅಂತ ಕಾದೆ.

"ಅತ್ತಿ, ಯಾರ್ನ ಕೇಳಿ ಮಾತಾಡಿದ್ರಿ?"

"ಯಾರ್ನ ಕೇಳಬೇಕಿತ್ತು? ಎಪ್ಪತ್ತೆರಡು ಸಾವಿರ ಉಳಿಸೀನಿ. ನಿಮ್ಮ ಸೀರಿ ಅಂಗಡ್ಯಾಗ ವರ್ಷಗಟ್ಟಲೆ ಬಿಲ್ಲು ಬರದ್ರೂ ಅಷ್ಟು ಉಳಿಯಂಗಿಲ್ಲ."

"ಹಂಗ ಕಡಿಮಿಗಿ ಮುಗಿಸಿದ್ರ ಆ ಸುದ್ದಿ ನನ್ನ ಹೆಸರಿನ ಮುಂದ ಬೀಳ್ತದ್ರಿ. ಆಮ್ಯಾಲ ಮನಿ ಸಾಲ ಯಾರೂ ಕೊಡಂಗಿಲ್ಲ. ನನಗ ಎಪ್ಪತ್ತೆರಡು ಸಾವಿರ ಬ್ಯಾಡ್ರಿ, ಮನಿ ಬೇಕು."

"ನಿನಗ ಹುಚ್ಚು ಹಿಡದದ," ಅಂದೆ. ಮಗನ ಕಡೆ ತಿರುಗಿ, "ನೀ ಹೇಳೋ ತಮ್ಮಾ," ಅಂದೆ. ಅವನು ನೆಲ ನೋಡಿದ.

ಎರಡು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಅವಳು ಚಹಾ ತಂದಿಟ್ಟರೆ ಕುಡಿದು ಲೋಟ ಕುಕ್ಕುತ್ತಿದ್ದೆ. ಮೂರನೇ ದಿನ ಅವಳೇ, "ನನ್ನ ಮಾತು ನಂಬಬ್ಯಾಡ್ರಿ. ಬ್ಯಾಂಕಿಗಿ ನಡೀರಿ, ನೀವೇ ಕೇಳ್ರಿ," ಅಂದಳು. ಆಟೋ ಮಾಡಿ ಕರೆದುಕೊಂಡು ಹೋದಳು. ಕೌಂಟರಿನ ಆಚೆ ಕನ್ನಡಕದ ಒಬ್ಬ ಹುಡುಗಿ ಕೂತಿದ್ದಳು. ನಾನು ನೇರವಾಗಿ ಕೇಳಿದೆ.

"ಏನವ್ವಾ, ನಿಮ್ಮವ್ರೇ ಕಡಿಮಿ ಕೊಡು ಅಂತಾರ. ಕೊಟ್ಟು ಮುಗಿಸಿದ್ರ ತಪ್ಪೇನು?"

"ತಪ್ಪಲ್ರಿ ಅಮ್ಮಾ. ಆದ್ರ ಪೂರಾ ಕಟ್ಟಿದ್ರ, ಸಾಲ ತೀರಿತು ಅಂತ ಬರೀತಾರ. ಕಡಿಮಿಗಿ ಕಟ್ಟಿದ್ರ, ಕಡಿಮಿಗಿ ಒಪ್ಪಿ ಬಿಟ್ಟೀವಿ ಅಂತ ಬರೀತಾರ. ಯಾವ ಬ್ಯಾಂಕಿಗಿ ಹೋದ್ರೂ ಅದು ಕಾಣ್ತದ."

"ಎಷ್ಟು ದಿನ ಕಾಣ್ತದ?"

"ದಿನದ ಮಾತಲ್ರಿ, ವರ್ಷಗಟ್ಟಲೆ."

ಆಟೋದಲ್ಲಿ ವಾಪಸು ಬರುವಾಗ ನನಗೆ ಸ್ಟೇಶನ್ ಹತ್ತಿರದ ಒಬ್ಬ ಹೋಟೆಲಿನವನ ನೆನಪಾಯಿತು. ಒಂದು ಶ್ರಾವಣ ಪೂರ್ತಿ ನನ್ನಿಂದ ಉದ್ರಿ ಹಣ್ಣು ಒಯ್ದಿದ್ದ. ತಿಂಗಳ ಕೊನೆಗೆ ಅರ್ಧ ದುಡ್ಡು ಕೊಟ್ಟು, ಉಳಿದದ್ದು ಬಿಡವ್ವಾ, ಕೈ ಖಾಲಿ ಅದ ಅಂದ. ಬಂದಷ್ಟು ಬರಲಿ ಅಂತ ತಗೊಂಡೆ, ಜಗಳ ಮಾಡಲಿಲ್ಲ. ಆದರೆ ಆಮೇಲೆ ಅವನಿಗೆ ಒಂದು ಹಣ್ಣನ್ನೂ ಉದ್ರಿ ಕೊಡಲಿಲ್ಲ. ಅವನ ಮಗ ಬಂದಾಗಲೂ ಮೊದಲು ದುಡ್ಡು ತೆಗಿ ಅಂದಿದ್ದೆ. ಎಲ್ಲೂ ಬರೆದಿಡದ ನಾನೇ ಅಷ್ಟು ನೆನಪಿಟ್ಟಿದ್ದರೆ, ಬರೆದಿಡುವ ಬ್ಯಾಂಕು ಬಿಟ್ಟೀತೇ? ಸೊಸೆ ಅದನ್ನು ಯಾರೂ ಹೇಳಿಕೊಡದೆ ತಿಳಿದಿದ್ದಳು. ನಾನು ಮೂವತ್ತು ವರ್ಷ ಬಜಾರದಲ್ಲಿ ಕೂತಿದ್ದರೂ ನಮ್ಮ ಮನೆಯ ವಿಷಯ ಬಂದಾಗ ಅದು ನನಗೆ ಹೊಳೆದಿರಲಿಲ್ಲ. ಅವಳಿಗೆ ಆವತ್ತು ಹಾಗಂತ ಹೇಳಲಿಲ್ಲ. "ರೊಟ್ಟಿ ನಾ ಬಡೀತೀನಿ, ನೀ ಕೂಡು," ಅಂದೆ, ಅಷ್ಟೇ.

ಶನಿವಾರ ವಸೂಲಿಯವನು ಕಾಗದ ಹಿಡಿದುಕೊಂಡು ಬಂದ.

"ಮೂವತ್ತೆಂಟು ಕೊಡಂಗಿಲ್ಲ. ಪೂರಾ ಕೊಡ್ತೀವಿ, ಬ್ಯಾಂಕಿನ್ಯಾಗ," ಅಂದೆ.

"ಆಯಿ, ತಲಿ ಸರಿ ಅದ ಇಲ್ಲ? ಮೊನ್ನಿ ನನ್ನ ಜೀವ ತಿಂದು ಇಳಿಸಿದ್ರಿ."

"ಮೊನ್ನಿ ಸರಿ ಇದ್ದಿಲ್ಲ. ನೀರು ಕುಡೀತಿ ಏನು?"

ಪೂರಾ ಕೊಡುವುದು ಅಂದರೆ ಹೇಗೆ? ಅದಕ್ಕೂ ಅವಳು ದಾರಿ ಹುಡುಕಿದ್ದಳು. ತವರಿನವರು ಹಾಕಿದ್ದ ನಾಲ್ಕು ಬಂಗಾರದ ಬಿಲ್ವಾರ ಬಳೆ ಬಿಚ್ಚಿ ಬ್ಯಾಂಕಿನಲ್ಲಿ ಅಡವು ಇಟ್ಟಳು. ಒಂದು ಸಾಲ ತೀರಿಸಲು ಇನ್ನೊಂದು ಸಾಲವೇ ಅಂತ ನಾನು ಬಾಯಿ ಮಾಡಿದೆ. "ಅತ್ತಿ, ಕಾರ್ಡಿಗಿ ನೂರಕ್ಕ ತಿಂಗಳಿಗಿ ಮೂರೂವರಿ ರೂಪಾಯಿ ಬಡ್ಡಿ. ಬಂಗಾರಕ್ಕ ಪೂರಾ ಒಂದು ರೂಪಾಯಿನೂ ಆಗಂಗಿಲ್ಲ," ಅಂದಳು. ಬಾಯಲ್ಲೇ ಲೆಕ್ಕ ಹಾಕಿ ನೋಡಿದೆ, ಸರಿ ಇತ್ತು. ನನ್ನ ಗಂಟನ್ನು ಮತ್ತೆ ಅವಳ ಮುಂದೆ ಇಟ್ಟೆ. ಈ ಸಲ ತಗೊಂಡಳು. ಎರಡೂ ಕೂಡಿಸಿ ಕಾರ್ಡಿನ ಬಾಕಿ ಒಂದೇ ದಿನ ಪೂರಾ ಕಟ್ಟಿ, ಬಾಕಿ ಇಲ್ಲ ಅನ್ನುವ ಕಾಗದ ಕೈಗೆ ಬರುವ ತನಕ ಬ್ಯಾಂಕಿನ ಬೆಂಚಿನಿಂದ ಏಳಲಿಲ್ಲವಂತೆ.

ಆಮೇಲೆ ಬಂಗಾರದ ಸಾಲ ತೀರಿಸಬೇಕಿತ್ತು. ಶಹಾಬಜಾರದಿಂದ ಸ್ಟೇಶನ್ ಬಜಾರದ ಸೀರೆ ಅಂಗಡಿಗೆ ನಡೆದೇ ಹೋದಳು, ನಡೆದೇ ಬಂದಳು. ಭಾನುವಾರ ಮನೆಯಲ್ಲಿ ಕೂತು ಸೀರೆಗಳಿಗೆ ಫಾಲು ಹಚ್ಚಿದಳು. ದಿನಕ್ಕೆ ನೂರು ಸೀರೆ ಕಣ್ಣಮುಂದೆ ಹರವುವ ಅಂಗಡಿಯಲ್ಲಿ ಕೂತು ಎರಡು ದೀಪಾವಳಿಗೆ ತನಗೊಂದು ಸೀರೆ ತರಲಿಲ್ಲ. ಮಗನೂ ಗುಟ್ಕಾ ಬಿಟ್ಟ. ತಾನಾಗಿ ಬಿಡಲಿಲ್ಲ, ಅವಳು ಬಿಡಿಸಿದಳು. ನನಗೆ ಬಗ್ಗಿ ನಡೆಯುವವರನ್ನು ಕಂಡರೆ ಆಗುವುದಿಲ್ಲ. ಇವಳು ಅಷ್ಟು ಕಷ್ಟದಲ್ಲೂ ಯಾರ ಮುಂದೆಯೂ ಮುಖ ಸಣ್ಣ ಮಾಡಲಿಲ್ಲ.

ನನಗೆ ಅರ್ಥವಾಗದ್ದು ಒಂದೇ. ಸಾಲ ತೀರಿದ ಮೇಲೂ ಆ ಕಾರ್ಡನ್ನು ಇಟ್ಟುಕೊಂಡಳು.

"ಮುರದು ಒಲ್ಯಾಗ ಹಾಕು ಅದನ್ನ," ಅಂದೆ.

"ಹಾಕಿದ್ರ ನಾ ಸುಧಾರಿಸೀನಿ ಅಂತ ಬ್ಯಾಂಕಿಗಿ ಹೆಂಗ ಗೊತ್ತಾಗ್ಬೇಕ್ರಿ? ಪ್ರತಿ ತಿಂಗಳಾ ಸರೀಗಿ ಕೊಡೋದು ನೋಡಿದ್ರನ ನಂಬ್ತಾರ."

ತಿಂಗಳಿಗೆ ಕರೆಂಟಿನ ಬಿಲ್ಲೊಂದನ್ನೇ ಅದರಿಂದ ಕಟ್ಟುತ್ತಿದ್ದಳು. ಕಾರ್ಡಿನ ಬಿಲ್ಲು ಬಂದ ದಿನವೇ ದೊಡ್ಡ ಅಂಕಿಯನ್ನು ಪೂರಾ ಕಟ್ಟಿಬಿಡುತ್ತಿದ್ದಳು. ಬೇರೆ ಏನಕ್ಕೂ ಕಾರ್ಡು ಹೊರಗೆ ಬರಲಿಲ್ಲ. ಒಮ್ಮೆ ನನಗೆ ಜ್ವರ ಬಂದಾಗ ಔಷಧಿಗೆ ಅಂತ ಮಗ ಅದಕ್ಕೆ ಕೈ ಹಾಕಿದ. ಅವಳು ಅವನ ಕೈ ಹಿಡಿದು, ಫಾಲು ಹಚ್ಚಿದ ದುಡ್ಡು ಕೊಟ್ಟು ಕಳಿಸಿದಳು.

ಎರಡು ವರ್ಷ ತುಂಬಲು ಎರಡು ತಿಂಗಳಿತ್ತು. ಬಳೆ ವಾಪಸು ಕೈಗೆ ಬಂದಿದ್ದವು. ಮನೆ ಸಾಲಕ್ಕೆ ಮತ್ತೆ ಅರ್ಜಿ ಹಾಕಿದಳು. ಬ್ಯಾಂಕಿನವನು ಕಂಪ್ಯೂಟರು ನೋಡಿ ತಲೆ ಅಲ್ಲಾಡಿಸಿದ. ಸ್ಕೋರು ಏರಿದೆ, ಆದರೆ ಕಾರ್ಡಿನ ಹಳೇ ಬಾಕಿ ಇನ್ನೂ ತೋರಿಸುತ್ತಿದೆ ಅಂದ. ಪೂರಾ ಕಟ್ಟಿದ್ದನ್ನು ಯಾರೂ ಬರೆದೇ ಇರಲಿಲ್ಲ.

ಆವತ್ತು ಮನೆಗೆ ಬಂದು ಅವಳು ಊಟ ಮಾಡಲಿಲ್ಲ. ಅಳುತ್ತಾಳೇನೋ ಅಂತ ನೋಡಿದೆ, ಅಳಲಿಲ್ಲ. ಟ್ರಂಕು ತೆಗೆದು ಬಾಕಿ ಇಲ್ಲ ಅನ್ನುವ ಕಾಗದ ಹೊರತೆಗೆದು ನೆಲದ ಮೇಲೆ ಹರವಿ, ಫೋನಿನಲ್ಲಿ ಅದರ ಚಿತ್ರ ಹಿಡಿದಳು. ಎಲ್ಲರ ಸಾಲದ ಲೆಕ್ಕ ಇಟ್ಟು ಸ್ಕೋರು ಹಾಕುವ ಕಂಪನಿಗೆ ತಕರಾರು ಬರೆದಳು, ಕಾರ್ಡಿನ ಬ್ಯಾಂಕಿಗೆ ಬರೆದಳು. ವಾರ ಕಾದು ಮತ್ತೆ ಬರೆದಳು. ಅಂಗಡಿಗೆ ಅರ್ಧ ದಿನ ರಜಾ ಹಾಕಿ ಆ ಕಾರ್ಡಿನ ಬ್ಯಾಂಕಿಗೆ ನಾಲ್ಕು ಸಲ ಹೋದಳು. ನಾಲ್ಕನೇ ಸಲ ನಾನೂ ಹೋದೆ. ಅಲ್ಲಿಯ ಸಾಹೇಬ ಎದ್ದು ಹೊರಡುತ್ತಲೇ ನಾಳೆ ಬನ್ನಿ ಅಂದ.

ಸೊಸೆ ದನಿ ಏರಿಸಲಿಲ್ಲ. "ಸರ್, ನಾ ಕೊಡೂದು ತಡಾ ಮಾಡಿದಾಗ ನೀವು ಒಂದು ದಿನಾನೂ ಬಿಡಲಿಲ್ಲ, ದಂಡ ಹಾಕಿದ್ರಿ. ಈಗ ನಿಮ್ಮ ಕಡಿಂದ ತಡಾ ಆಗ್ಯಾದ. ಇವತ್ತೇ ಸರಿ ಮಾಡ್ರಿ," ಅಂದಳು.

ಅವನು ಅವಳ ಮುಖ ನೋಡಿದ, ಕೋಲು ಹಿಡಿದು ನಿಂತ ನನ್ನನ್ನು ನೋಡಿದ, ಕುರ್ಚಿ ಎಳೆದುಕೊಂಡು ಕೂತ. ಅಂದೇ ತಿದ್ದಲು ಕಳಿಸಿದ. ನನ್ನ ಜೀವಮಾನದಲ್ಲಿ ಬಜಾರದ ದೊಡ್ಡ ದೊಡ್ಡ ಬಾಯಿಯವರನ್ನು ಕಂಡಿದ್ದೇನೆ. ಅಷ್ಟು ಮೆತ್ತಗೆ ಮಾತಾಡಿ ಒಬ್ಬನನ್ನು ಕೂಡಿಸಿದವರನ್ನು ಕಂಡಿರಲಿಲ್ಲ.

ಹದಿನೈದು ದಿನಕ್ಕೆ ಕಂಪ್ಯೂಟರಿನಲ್ಲಿ ಸಾಲ ತೀರಿತು ಅಂತ ಬಂತು. ಮನೆ ಸಾಲ ಮಂಜೂರಾಯಿತು. ಮನೆಯ ಮಾಲೀಕ ಸಾಹೇಬರು ಕೊಟ್ಟ ಗಡುವಿಗೆ ಆರು ದಿನ ಇರುವಾಗ ಮನೆ ಅವಳ ಹೆಸರಿಗೆ ರಿಜಿಸ್ಟರ್ ಆಯಿತು. ರಿಜಿಸ್ಟರ್ ಕಚೇರಿಯಿಂದ ಹೊರಗೆ ಬಂದು ಸಾಹೇಬರು, "ಬೇಟೀ, ನಾ ನಂಬಿದ್ದಿಲ್ಲ, ಸುಳ್ಳು ಯಾಕ ಹೇಳಲಿ," ಅಂದರು.

"ಅತ್ತಿನೂ ನಂಬಿದ್ದಿಲ್ರಿ," ಅಂದಳು ಅವಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಖರೆ ಇತ್ತಲ್ಲ.

ಮರುದಿನ ಬೆಳಿಗ್ಗೆ ಅವರಿಬ್ಬರೂ ಏಳುವ ಮೊದಲೇ ನಾನು ಓಣಿಯ ತುದಿಗೆ ಹೋಗಿ ಗೌಂಡಿಯನ್ನು ಕರೆತಂದೆ, ಹಿಂದಿನ ಬಚ್ಚಲ ಗೋಡೆ ತೋರಿಸಿ, ಇದನ್ನು ಒಡಿ, ಎರಡು ಮೊಳ ಆಚೆಗೆ ಕಟ್ಟು ಅಂದೆ, ಮತ್ತು ಅವನ ಕೂಲಿಯನ್ನು ಚೌಕಾಶಿ ಮಾಡಿ ನೂರು ರೂಪಾಯಿ ಇಳಿಸಿದೆ.